‘2’ ಬರೆದರೆ ಹಕ್ಕಿ ಆಗುತ್ತಾ? ಪುಟ್ಟ ಮಕ್ಕಳಿಗೆ ಆಕಾರಗಳಿಂದ ಹಕ್ಕಿ ಬಿಡಿಸಲು ಕಲಿಸುವುದು ಹೇಗೆ

ಈ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಒಂದು ಕೈ ಬಿಳಿ ಹಾಳೆಯ ಮೇಲೆ ‘2’ ಎಂದು ಬರೆಯುತ್ತದೆ. ಅದರ ಬಾಲಕ್ಕೆ ಒಂದು ಬಾಗಿದ ಗೆರೆ ಸೇರಿಸುತ್ತದೆ, ತಲೆಗೆ ಕೊಕ್ಕು ಇಡುತ್ತದೆ, ಒಂದು ಚುಕ್ಕಿ ಹಾಕುತ್ತದೆ. ಹತ್ತು ಸೆಕೆಂಡಿನಲ್ಲಿ ಬಾತುಕೋಳಿ ಸಿದ್ಧ. ಕೆಳಗೆ ಒಂದು ಸಾಲು: ನಿಮ್ಮ ಮಗುವಿಗೂ ಇವತ್ತೇ ಕಲಿಸಿ, ಬುದ್ಧಿ ಚುರುಕಾಗುತ್ತದೆ.

ಮನೆಯಲ್ಲಿ ಆಗುವುದು ಬೇರೆಯೇ. ಮೂರೂವರೆ ವರ್ಷದ ಮಗುವನ್ನು ಕೂರಿಸಿ ವಿಡಿಯೊ ತೋರಿಸುತ್ತೀರಿ. ಮಗು ಬರೆದ ‘2’ ಮಲಗಿಕೊಳ್ಳುತ್ತದೆ, ಕೊಕ್ಕು ಹೊಟ್ಟೆಗೆ ಅಂಟಿಕೊಳ್ಳುತ್ತದೆ. ‘ಹಾಗಲ್ಲ, ಹೀಗೆ’ ಎಂದು ನೀವು ಕೈ ಹಿಡಿದು ಬರೆಸುತ್ತೀರಿ. ನಾಲ್ಕನೇ ಸಲಕ್ಕೆ ಮಗು ಪೆನ್ಸಿಲ್ ಕೆಳಗಿಟ್ಟು, ‘ನಂಗೆ ಬರಲ್ಲ, ನೀನೇ ಬರ್ಕೊಡು’ ಅನ್ನುತ್ತದೆ.

ಆ ವಿಡಿಯೊದಲ್ಲಿ ಇನ್ನೊಂದು ತಮಾಷೆಯೂ ಇದೆ. ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಊರಿನಲ್ಲಿ ಬೆಳೆಯುವ ಮಗುವಿಗೆ ಆ ಹಳದಿ ಬಾತುಕೋಳಿ ಮೊಬೈಲಿನಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುವುದು ಕಡಿಮೆ. ಅದು ದಿನಾ ಕಾಣುವುದು ಕಾಗೆ, ಮೈನಾ, ಉಳುವ ಟ್ರ್ಯಾಕ್ಟರಿನ ಹಿಂದೆ ನಡೆಯುವ ಬೆಳ್ಳಕ್ಕಿ, ಕರೆಂಟು ತಂತಿಯ ಮೇಲೆ ಕೂತ ನೀಲಕಂಠ. ಹಾಗಿದ್ದರೆ ಆಕಾರಗಳಿಂದ ಹಕ್ಕಿ ಬಿಡಿಸುವ ಈ ವಿಧಾನ ಸರಿಯೇ, ತಪ್ಪೇ? ನೋಡೋಣ.

ಒಂದೇ ನೋಟದಲ್ಲಿ ಉತ್ತರ

• ವೃತ್ತ, ಮೊಟ್ಟೆ, ತ್ರಿಕೋನಗಳಿಂದ ಹಕ್ಕಿ ಬಿಡಿಸುವುದು ಒಳ್ಳೆಯ ವಿಧಾನವೇ. ಆದರೆ ಮಗುವಿನ ಕೈಗೆ ಆ ಆಕಾರ ಬರುವ ವಯಸ್ಸಾಗಿರಬೇಕು.

• ಒಂದೇ ಹಕ್ಕಿಯನ್ನು ಒಂದೇ ರೀತಿ ಬಾಯಿಪಾಠ ಮಾಡಿಸಿದರೆ ಮಗು ಹಕ್ಕಿಯನ್ನು ನೋಡುವುದನ್ನೇ ಬಿಡಬಹುದು.

• ಚಿತ್ರ ಚೆನ್ನಾಗಿ ಬಂದರೆ ಬುದ್ಧಿವಂತ, ಬರದಿದ್ದರೆ ದಡ್ಡ ಎಂಬುದು ತಪ್ಪು.

• ಮೊದಲು ಅಂಗಳದ ಹಕ್ಕಿ, ಆಮೇಲೆ ಆಕಾರ, ಕೊನೆಗೆ ಹಾಳೆ. ಇದು ಸರಿಯಾದ ಕ್ರಮ.

ಮಗುವಿನ ಕೈಗೆ ಯಾವ ಆಕಾರ ಯಾವಾಗ ಬರುತ್ತದೆ?

ನಮಗೆ ತ್ರಿಕೋನ ಬಲು ಸುಲಭ, ಮೂರು ಗೆರೆ ಅಷ್ಟೇ. ಮಗುವಿಗೆ ಹಾಗಲ್ಲ. ಮಕ್ಕಳ ವೈದ್ಯರು ಬೆಳವಣಿಗೆಯನ್ನು ಅಳೆಯುವಾಗ ಮಗು ಯಾವ ಆಕಾರವನ್ನು ನೋಡಿ ಬರೆಯುತ್ತದೆ ಎಂದು ಪರೀಕ್ಷಿಸುವುದುಂಟು. ಅದಕ್ಕೆ ಒಂದು ಅಂದಾಜು ಕ್ರಮವಿದೆ.

ಒಂದೂವರೆ ವರ್ಷದ ಹೊತ್ತಿಗೆ ಮಗು ಗೀಚುತ್ತದೆ. ಎರಡು ವರ್ಷದ ಸುಮಾರಿಗೆ ನೀವು ಎಳೆದ ನೆಟ್ಟಗಿನ ಗೆರೆಯನ್ನು ಅನುಕರಿಸುತ್ತದೆ. ಮೂರು ವರ್ಷಕ್ಕೆ ವೃತ್ತ ಬರುತ್ತದೆ. ನಾಲ್ಕಕ್ಕೆ ಕೂಡಿಸುವ ಚಿಹ್ನೆ, ಅಂದರೆ ಅಡ್ಡ ಮತ್ತು ಉದ್ದ ಗೆರೆ ಸೇರುವುದು, ಅದರ ಹಿಂದೆಯೇ ಚೌಕ. ಐದರ ಸುಮಾರಿಗೆ ತ್ರಿಕೋನ. ಗಾಳಿಪಟದಂಥ ವಜ್ರಾಕಾರಕ್ಕೆ ಆರೇಳು ವರ್ಷವಾಗಬೇಕು. ಕೆಲವು ಮಕ್ಕಳು ಕೆಲವು ತಿಂಗಳು ಮುಂದೆ, ಕೆಲವರು ಹಿಂದೆ ಇರುತ್ತಾರೆ, ಅದು ಸಹಜ.

ತ್ರಿಕೋನ ಯಾಕೆ ತಡ? ಓರೆ ಗೆರೆ ಎಳೆಯಬೇಕಾದರೆ ಕೈ ಒಂದೇ ಹೊತ್ತಿಗೆ ಪಕ್ಕಕ್ಕೂ ಹೋಗಬೇಕು, ಕೆಳಕ್ಕೂ ಇಳಿಯಬೇಕು. ಮೂಲೆ ಬಂದಾಗ ನಿಲ್ಲಬೇಕು, ದಿಕ್ಕು ಬದಲಿಸಬೇಕು, ಕೊನೆಗೆ ಹೊರಟ ಜಾಗಕ್ಕೇ ಬಂದು ಸೇರಬೇಕು. ಇಷ್ಟನ್ನೂ ಕಣ್ಣು ಮತ್ತು ಬೆರಳು ಹೊಂದಿಕೊಂಡು ಮಾಡಬೇಕು. ವೃತ್ತದಲ್ಲಿ ಈ ತೊಂದರೆ ಇಲ್ಲ. ಗೀಚುತ್ತ ಗೀಚುತ್ತ ಕೈ ತಾನಾಗಿಯೇ ಸುತ್ತುತ್ತದೆ.

ಇನ್ನೊಂದು ಮಾತು. ತ್ರಿಕೋನವನ್ನು ಗುರುತಿಸುವುದು ಬೇರೆ, ಬರೆಯುವುದು ಬೇರೆ. ಮೂರು ವರ್ಷದ ಮಗು ಸಮೋಸ ತೋರಿಸಿ ‘ತ್ರಿಕೋನ’ ಅನ್ನಬಹುದು. ಹಾಗೆಂದು ಅದರ ಕೈಗೆ ತ್ರಿಕೋನ ಬಂದಿದೆ ಎಂದಲ್ಲ. ‘ಗೊತ್ತಿದ್ದೂ ಬರೀತಿಲ್ಲ’ ಎಂದು ಗದರಿಸುವ ಮುನ್ನ ಇದು ನೆನಪಿರಲಿ.

ಈಗ ಆ ವಿಡಿಯೊಗೆ ಬನ್ನಿ. ‘2’ ಬರೆಯಲು ಮೇಲೆ ಬಾಗಬೇಕು, ಓರೆಯಾಗಿ ಇಳಿಯಬೇಕು, ಕೆಳಗೆ ತಿರುಗಿ ಅಡ್ಡ ಹೋಗಬೇಕು. ಐದು, ಆರು ವರ್ಷದ ಮಗುವಿಗೆ ಇದು ಖುಷಿಯ ಆಟ. ಮೂರು ವರ್ಷದ ಮಗುವಿಗೆ ಇದು ಸೋಲುವ ಪರೀಕ್ಷೆ. ಮಗುವಿನ ಪೆನ್ಸಿಲ್ ಕೆಳಗಿಳಿದದ್ದಕ್ಕೆ ಕಾರಣ ಸೋಮಾರಿತನವಲ್ಲ. ಅದರ ವಯಸ್ಸು.

ಇದು ಹೊಸ ವಿಧಾನವೇ?

ಅಲ್ಲ. ಮಕ್ಕಳಿಗೆ ಆಕಾರಗಳ ಮೂಲಕ ಕಲಿಸಬೇಕೆಂಬ ಯೋಚನೆ ಹಳೆಯದು. ಜರ್ಮನಿಯಲ್ಲಿ 1837ರಲ್ಲಿ ಶಿಶುವಿಹಾರದ ಕಲ್ಪನೆಗೆ ಬುನಾದಿ ಹಾಕಿದ ಫ್ರೆಡ್ರಿಕ್ ಫ್ರೋಬೆಲ್, ಚೆಂಡು, ಘನ, ಸಿಲಿಂಡರ್‌ಗಳನ್ನು ಮಕ್ಕಳ ಕೈಗೆ ಆಟಿಕೆಯಾಗಿ ಕೊಟ್ಟರು. ಅಮೆರಿಕದ ಎಡ್ ಎಂಬರ್ಲಿ 1970ರಲ್ಲಿ ಪ್ರಾಣಿಗಳನ್ನು ಬಿಡಿಸುವ ಪುಸ್ತಕ ತಂದರು. ವೃತ್ತ, ತ್ರಿಕೋನ, ಚುಕ್ಕಿ, ಗೆರೆ ಗೊತ್ತಿದ್ದರೆ ಸಾಕು, ಒಂದೊಂದಾಗಿ ಸೇರಿಸುತ್ತ ಹೋಗಿ ಎಂಬುದೇ ಅದರ ಪಾಠ. ಇವತ್ತು ಮೊಬೈಲಿನಲ್ಲಿ ಬರುವ ವಿಡಿಯೊಗಳು ಇದೇ ಪಾಠದ ಮೊಮ್ಮಕ್ಕಳು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಹಳ್ಳಿಗಳಲ್ಲಿ ಹೊಸಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಹಾಕುವವರು ಮಾಡುವುದು ಇದನ್ನೇ ತಾನೆ? ಮೊದಲು ಚುಕ್ಕಿಗಳ ಚೌಕಟ್ಟು, ಆಮೇಲೆ ಅವುಗಳನ್ನು ಸೇರಿಸುವ ಗೆರೆ, ಕೊನೆಗೆ ಗಿಳಿಯೋ ನವಿಲೋ ಮೂಡುತ್ತದೆ. ‘ನಂಗೆ ಡ್ರಾಯಿಂಗ್ ಬರಲ್ಲ, ಮಗುವಿಗೆ ಹೇಗೆ ಕಲಿಸಲಿ’ ಎನ್ನುವ ಅಮ್ಮ, ಅಜ್ಜಿ ಬೆಳಗಾಗೆದ್ದು ಹಾಕುವುದು ಡ್ರಾಯಿಂಗೇ. ನಿಮಗೆ ಈ ವಿದ್ಯೆ ಆಗಲೇ ಬಂದಿದೆ.

ಒಂದೇ ಥರದ ಹಕ್ಕಿಯಿಂದ ಏನು ತೊಂದರೆ?

ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿಕ್ಟರ್ ಲೋವೆನ್‌ಫೆಲ್ಡ್ ಮಕ್ಕಳ ಚಿತ್ರಕಲೆಯ ಬಗ್ಗೆ ಬರೆದ ಪುಸ್ತಕ 1947ರಲ್ಲಿ ಪ್ರಕಟವಾಯಿತು. ಜಗತ್ತಿನ ಎಷ್ಟೋ ಶಿಕ್ಷಕರು ಅದನ್ನು ಓದಿ ಪಾಠ ಮಾಡಿದ್ದಾರೆ. ಅದರ ಮುಂದಿನ ಆವೃತ್ತಿಗಳಲ್ಲಿ ಬರುವ ಒಂದು ಹೆಸರಾಂತ ಉದಾಹರಣೆ ಹಕ್ಕಿಯದೇ.

ಅಲ್ಲಿ ಒಂದು ಮಗು ಮೊದಲು ತನ್ನದೇ ರೀತಿಯಲ್ಲಿ ಹಕ್ಕಿ ಬಿಡಿಸಿತ್ತು. ಆಮೇಲೆ ಅಭ್ಯಾಸ ಪುಸ್ತಕದಲ್ಲಿ ಅಚ್ಚಾಗಿದ್ದ ಒಂದೇ ಥರದ ಹಕ್ಕಿಗಳನ್ನು ನಕಲು ಮಾಡಿತು. ಅದಾದ ಮೇಲೆ ಮತ್ತೆ ಹಕ್ಕಿ ಬಿಡಿಸು ಅಂದಾಗ ಮಗುವಿನ ಸ್ವಂತ ಹಕ್ಕಿ ಮಾಯವಾಗಿತ್ತು. ಪುಸ್ತಕದ ಹಕ್ಕಿಯೇ ಹಾಳೆಗೆ ಬಂದು ಕೂತಿತ್ತು. ಇಂಥ ಪುಸ್ತಕಗಳನ್ನು ಕೊಟ್ಟ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೀಗಾಗುತ್ತದೆ ಎಂದು ಲೋವೆನ್‌ಫೆಲ್ಡ್ ಆ ಕಾಲದ ಸಂಶೋಧನೆಯನ್ನು ಮುಂದಿಟ್ಟು ಹೇಳಿದರು.

ಎಲ್ಲರೂ ಇದನ್ನು ಒಪ್ಪಿಲ್ಲ. ಬ್ರೆಂಟ್ ವಿಲ್ಸನ್ ಮತ್ತು ಮಾರ್ಜರಿ ವಿಲ್ಸನ್ ಎಂಬ ಸಂಶೋಧಕರು 1977ರಲ್ಲಿ ಇದಕ್ಕೆ ಎದುರಾದ ವಾದ ಮಂಡಿಸಿದರು. ಮಕ್ಕಳು ಬೇರೆಯವರ ಚಿತ್ರ ನೋಡಿಯೇ ಚಿತ್ರ ಕಲಿಯುತ್ತಾರೆ, ಮಾತು ಕೇಳಿ ಮಾತು ಕಲಿಯುವ ಹಾಗೆ ಎಂಬುದು ಅದರ ತಿರುಳು. ಇದರಲ್ಲೂ ಹುರುಳಿದೆ. ಅಕ್ಕ ಬಿಡಿಸಿದ ಮನೆ ನೋಡಿ ತಮ್ಮ ಮನೆ ಬಿಡಿಸುವುದನ್ನು ನಾವೇ ನೋಡಿದ್ದೇವೆ.

ಎರಡೂ ವಾದ ಸೇರಿಸಿ ನೋಡಿದರೆ ಮನೆಗೆ ಬೇಕಾದ ಬುದ್ಧಿಮಾತು ಸಿಗುತ್ತದೆ. ತೋರಿಸಿಕೊಡುವುದು ತಪ್ಪಲ್ಲ. ಒಂದನ್ನೇ ತೋರಿಸಿ, ಅದೊಂದೇ ಸರಿ ಅನ್ನುವುದು ತಪ್ಪು. ಮೊಟ್ಟೆಯಾಕಾರ ಅನ್ನುವುದು ಹಕ್ಕಿಯನ್ನು ನೋಡಲು ಒಂದು ಕಿಟಕಿ. ಕಿಟಕಿಯನ್ನೇ ಹಕ್ಕಿ ಎಂದು ಕಲಿಸಿಬಿಟ್ಟರೆ ಕಾಗೆಯೂ ಬೆಳ್ಳಕ್ಕಿಯೂ ಒಂದೇ ಆಗಿಬಿಡುತ್ತವೆ.

ಮನೆಯಲ್ಲೇ ಕಲಿಸುವುದು ಹೇಗೆ?

ಏನು ಬೇಕು? ಸ್ಲೇಟು ಮತ್ತು ಬಳಪ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು, ತಪ್ಪಿದರೆ ಬೆರಳಲ್ಲೇ ಒರೆಸಬಹುದು. ಇಲ್ಲದಿದ್ದರೆ ಅಂಗಳದ ಮಣ್ಣು ಮತ್ತು ಒಂದು ಕಡ್ಡಿ, ಇದ್ದಿಲ ಚೂರು, ಹಳೆಯ ಕ್ಯಾಲೆಂಡರಿನ ಹಿಂಬದಿ. ದುಬಾರಿ ಕಲರ್ ಸೆಟ್ ಬೇಡವೇ ಬೇಡ.

ಮೊದಲ ಹೆಜ್ಜೆ, ನೋಡುವುದು. ಬಾಗಿಲ ಹತ್ತಿರ ನಾಲ್ಕು ಕಾಳು ಚೆಲ್ಲಿ ಕಾಯಿರಿ. ಹಕ್ಕಿ ಬಂದಾಗ ಸಣ್ಣ ದನಿಯಲ್ಲಿ ಕೇಳಿ: ‘ಅದರ ಹೊಟ್ಟೆ ಯಾವುದರ ಥರ ಇದೆ? ಬಾಲ ಉದ್ದವಾ, ಮೋಟಾ? ಕಾಲು ಎಷ್ಟಿದೆ?’ ಉತ್ತರ ನೀವು ಹೇಳಬೇಡಿ. ಎರಡು ನಿಮಿಷ ಸಾಕು.

ಎರಡನೇ ಹೆಜ್ಜೆ, ಜೋಡಿಸುವುದು. ಬರೆಯುವ ಮುನ್ನ ವಸ್ತುಗಳಲ್ಲಿ ಹಕ್ಕಿ ಮಾಡಿ. ಶೇಂಗಾ ಬೆಳೆಯುವ ಸೀಮೆ ನಮ್ಮದು, ಸಿಪ್ಪೆಗೆ ಬರವಿಲ್ಲ. ಇಡೀ ಶೇಂಗಾಕಾಯಿ ಮೈ, ಹುಣಸೆ ಬೀಜ ತಲೆ, ಬೇವಿನ ಎಲೆ ರೆಕ್ಕೆ, ಪೊರಕೆ ಕಡ್ಡಿ ಕಾಲು. ಮಗು ತಲೆಯನ್ನು ಮೇಲಿಟ್ಟು, ಕೆಳಗಿಟ್ಟು ನೋಡುತ್ತದೆ. ಕೆಳಗಿಟ್ಟರೆ ಕಾಳು ತಿನ್ನುವ ಹಕ್ಕಿ, ಮೇಲಿಟ್ಟರೆ ನೀರು ಕುಡಿದು ಕತ್ತೆತ್ತಿದ ಹಕ್ಕಿ. ಗೆರೆ ಎಳೆಯಲು ಬಾರದ ಮಗುವೂ ಈ ಆಟದಲ್ಲಿ ಗೆಲ್ಲುತ್ತದೆ. ಮೂರು ವರ್ಷದೊಳಗಿನ ಮಕ್ಕಳು ಬೀಜ, ಶೇಂಗಾ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಅವರಿಗೆ ದೊಡ್ಡ ಎಲೆ, ಕಾಗದದ ತುಂಡು ಕೊಡಿ. ಪಕ್ಕದಲ್ಲೇ ಕೂತಿರಿ.

ಮೂರನೇ ಹೆಜ್ಜೆ, ಬರೆಯುವುದು. ಇದು ವಯಸ್ಸಿಗೆ ತಕ್ಕಂತೆ ಬದಲಾಗಬೇಕು.

ಎರಡು ವರ್ಷದ ಆಸುಪಾಸಿನವರಿಗೆ: ಹಕ್ಕಿಯನ್ನು ನೀವು ಬಿಡಿಸಿ. ‘ಗುಬ್ಬಿಗೆ ಕಾಳು ಹಾಕು’ ಅನ್ನಿ. ಮಗು ಚುಕ್ಕಿ ಕುಟ್ಟುತ್ತದೆ, ಗೀಚುತ್ತದೆ. ಅಷ್ಟೇ ಆವತ್ತಿನ ಪಾಠ.

ಮೂರರಿಂದ ನಾಲ್ಕು: ಒಂದು ದೊಡ್ಡ ಸೊನ್ನೆ, ಅದಕ್ಕೆ ತಾಗಿದಂತೆ ಒಂದು ಸಣ್ಣ ಸೊನ್ನೆ. ಒಂದು ಚುಕ್ಕಿ, ಅದು ಕಣ್ಣು. ಕೆಳಗೆ ಎರಡು ಗೆರೆ, ಅವು ಕಾಲು. ಕೊಕ್ಕಿಗೆ ತ್ರಿಕೋನ ಬೇಡ, ಒಂದು ಪುಟ್ಟ ಗೆರೆ ಸಾಕು.

ನಾಲ್ಕರಿಂದ ಐದು: ಸೊನ್ನೆಯನ್ನು ಸ್ವಲ್ಪ ಉದ್ದ ಎಳೆದು ಮೊಟ್ಟೆ ಮಾಡಲಿ. ಬಾಲಕ್ಕೆ ಒಂದು ಆಯತ. ನಿಂತ ನೆಲಕ್ಕೆ ಒಂದು ಅಡ್ಡಗೆರೆ.

ಐದರ ಮೇಲೆ: ಈಗ ಪೂರ್ತಿ ಗುಬ್ಬಿ. ಮೊಟ್ಟೆಯೊಂದನ್ನು ಓರೆಯಾಗಿ ಬರೆಯಿರಿ, ದಪ್ಪ ಭಾಗ ಮೇಲೆ, ಚೂಪು ಭಾಗ ಕೆಳಗೆ ಹಿಂದಕ್ಕೆ. ದಪ್ಪ ಭಾಗದ ತುದಿಯಲ್ಲಿ ಮೊಟ್ಟೆಗೆ ಅರ್ಧ ಹೊಕ್ಕಂತೆ ಒಂದು ವೃತ್ತ, ಅದು ತಲೆ. ತಲೆಯ ಮುಂದೆ ಗಿಡ್ಡ ತ್ರಿಕೋನ, ಕೊಕ್ಕು. ಕೊಕ್ಕಿಗೆ ಸ್ವಲ್ಪ ಹತ್ತಿರದಲ್ಲಿ ಕಣ್ಣಿನ ಚುಕ್ಕಿ. ಮೈ ಮೇಲೆ ಬೇವಿನ ಎಲೆಯಂಥ ರೆಕ್ಕೆ, ಅದು ಹೆಗಲ ಹತ್ತಿರ ಶುರುವಾಗಿ ಬಾಲದ ಕಡೆ ಮುಗಿಯಬೇಕು. ಚೂಪು ತುದಿಗೆ ಉದ್ದನೆಯ ಬಾಲ. ಹೊಟ್ಟೆಯ ಕೆಳಗೆ ಎರಡು ಕಾಲು. ಕೊನೆಗೆ ತಲೆ ಮತ್ತು ಮೈ ಸೇರಿದ ಕಡೆಯ ಒಳಗೆರೆಯನ್ನು ಬೆರಳಿಂದ ಒರೆಸಿಬಿಡಿ. ಎರಡು ಆಕಾರ ಕೂಡಿ ಒಂದೇ ಹಕ್ಕಿ ಆಗುತ್ತದೆ. ಮಕ್ಕಳ ಕಣ್ಣು ಅರಳುವುದು ಈ ಕ್ಷಣದಲ್ಲೇ.

ನೀವು ನಿಮ್ಮ ಸ್ಲೇಟಿನಲ್ಲಿ ಬರೆಯಿರಿ, ಮಗು ಅದರದ್ದರಲ್ಲಿ ಬರೆಯಲಿ. ಮಗುವಿನ ಚಿತ್ರದ ಮೇಲೆ ನಿಮ್ಮ ಗೆರೆ ಬೀಳಬಾರದು.

ಊರಿನ ಹಕ್ಕಿಗಳಿಗೆ ಯಾವ ಆಕಾರ?

ಗುಬ್ಬಿ ಬಂದ ಮೇಲೆ ಅದನ್ನೇ ಹತ್ತು ಸಲ ಬರೆಸಬೇಡಿ. ಹಕ್ಕಿ ಬದಲಿಸಿ, ಆಗ ಆಕಾರವೂ ಬದಲಾಗಲೇಬೇಕು. ಮಗು ಮತ್ತೆ ನೋಡಲೇಬೇಕಾಗುತ್ತದೆ.

ಬೆಳ್ಳಕ್ಕಿ: ‘2’ ನಿಜವಾಗಿ ಒಪ್ಪುವುದು ಇದಕ್ಕೆ. ಕತ್ತು ಬಾಗಿದೆ, ಮೈ ಸಣ್ಣದು, ಕೊಕ್ಕು ಈಟಿಯಂತೆ ಚೂಪು, ಕಾಲು ಉದ್ದ. ಹೊಲದಲ್ಲಿ ನಿಂತದ್ದನ್ನು ನೋಡಿ ಬಂದು ‘2’ ಬರೆದರೆ ಆ ಅಂಕಿಗೆ ಅರ್ಥ ಬರುತ್ತದೆ. ಹಾರುವಾಗ ಬೆಳ್ಳಕ್ಕಿ ಕತ್ತನ್ನು ಮಡಚಿಕೊಳ್ಳುತ್ತದೆ, ಕೊಕ್ಕರೆ ಕತ್ತು ಚಾಚಿಕೊಂಡೇ ಹಾರುತ್ತದೆ. ಕೆರೆ ದಂಡೆಯಲ್ಲೋ, ರಜೆಯಲ್ಲಿ ವಾಣಿವಿಲಾಸ ಸಾಗರಕ್ಕೆ ಹೋದಾಗಲೋ ‘ಕತ್ತು ಮಡಚಿದೆಯಾ, ಚಾಚಿದೆಯಾ’ ಎಂಬ ಆಟ ಆಡಿ.

ಕಾಗೆ: ಉದ್ದನೆಯ ಮೊಟ್ಟೆ, ದಪ್ಪ ಕೊಕ್ಕು. ಇದ್ದಿಲು ಇದ್ದರೆ ಬಣ್ಣವೂ ಬಂತು. ನಮ್ಮ ಮನೆ ಹತ್ತಿರ ಬರುವ ಕಾಗೆಯ ಕತ್ತು ಬೂದುಬಣ್ಣ. ಎಲ್ಲ ಕಡೆ ಕಪ್ಪು ಬಳಿಯುವ ಮುನ್ನ ಒಮ್ಮೆ ನೋಡಿ ಬರಲಿ.

ನೀಲಕಂಠ: ಇದು ಕರ್ನಾಟಕದ ರಾಜ್ಯ ಪಕ್ಷಿ. ದೊಡ್ಡ ತಲೆ, ಗಿಡ್ಡ ಕತ್ತು, ಗಟ್ಟಿ ಕೊಕ್ಕು. ದೊಡ್ಡ ವೃತ್ತ ಬೇಕಾಗುವುದು ಇದರ ತಲೆಗೆ. ಕೂತಾಗ ಮಂಕಾಗಿ ಕಾಣುವ ಈ ಹಕ್ಕಿ ಹಾರಿದರೆ ರೆಕ್ಕೆಯಲ್ಲಿ ನೀಲಿ ಮಿಂಚುತ್ತದೆ. ಎರಡು ಚಿತ್ರ ಬರೆಸಿ, ಕೂತದ್ದು ಒಂದು, ಹಾರಿದ್ದು ಒಂದು.

ಗಿಳಿ: ಕೊಕ್ಕು ತ್ರಿಕೋನವಲ್ಲ, ಕುಡುಗೋಲಿನ ಹಾಗೆ ಬಾಗಿದ ಗೆರೆ. ಬಾಲ ಉದ್ದ, ಚೂಪು.

ನವಿಲು: ಕೊಡೆಯಂತೆ ಅರ್ಧ ವೃತ್ತ, ಅದರ ಮುಂದೆ ಮೊಟ್ಟೆ, ಮೇಲೆ ಬಾಗಿದ ಕತ್ತು. ಗರಿ ಬಿಚ್ಚುವುದು ಗಂಡು ನವಿಲು. ಹೆಣ್ಣು ನವಿಲಿಗೆ ಆ ಉದ್ದ ಗರಿಗಳಿಲ್ಲ ಎಂಬುದನ್ನೂ ಮಗು ಚಿತ್ರದಿಂದಲೇ ಕಲಿಯಬಹುದು.

ಕೊಕ್ಕಿನ ಆಕಾರದ ಜೊತೆ ಒಂದು ಪ್ರಶ್ನೆ ಸೇರಿಸಿದರೆ ಅದೇ ವಿಜ್ಞಾನ ಪಾಠ: ‘ಇದು ಏನು ತಿನ್ನುತ್ತೆ?’ ಕಾಳು ಒಡೆಯುವ ಗುಬ್ಬಿಗೆ ಗಿಡ್ಡ ದಪ್ಪ ಕೊಕ್ಕು, ನೀರಿನಲ್ಲಿ ಮೀನು ಹಿಡಿಯುವ ಮಿಂಚುಳ್ಳಿಗೆ ಉದ್ದ ಚೂಪು ಕೊಕ್ಕು, ಮಾಂಸ ಹರಿಯುವ ಹದ್ದಿಗೆ ಕೊಕ್ಕೆಯಂಥ ಕೊಕ್ಕು.

ದೊಡ್ಡವರೂ ತಪ್ಪುವ ಎರಡು ಸಂಗತಿ

ಒಂದು, ಮೊಣಕಾಲು. ಹಕ್ಕಿಯ ಕಾಲು ಹಿಂದಕ್ಕೆ ಮಡಚುತ್ತದೆ, ಅದರ ಮೊಣಕಾಲು ಉಲ್ಟಾ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಹಿಂದಕ್ಕೆ ಬಾಗಿದಂತೆ ಕಾಣುವ ಆ ಕೀಲು ಮೊಣಕಾಲೇ ಅಲ್ಲ, ಅದು ನಮ್ಮ ಹಿಮ್ಮಡಿಯ ಮೇಲಿನ ಕೀಲಿಗೆ ಸಮ. ನಿಜವಾದ ಮೊಣಕಾಲು ಹೊಟ್ಟೆಯ ಪಕ್ಕದಲ್ಲಿ, ಪುಕ್ಕದೊಳಗೆ ಮರೆಯಾಗಿರುತ್ತದೆ. ಅದು ನಮ್ಮದರಂತೆ ಮುಂದಕ್ಕೇ ಬಾಗುತ್ತದೆ. ಹಕ್ಕಿ ನಿಂತಿರುವುದು ತುದಿಬೆರಳಿನ ಮೇಲೆ.

ಎರಡು, ಬೆರಳು. ಗುಬ್ಬಿ, ಕಾಗೆ, ಮೈನಾಗಳಿಗೆ ಮೂರು ಬೆರಳು ಮುಂದೆ, ಒಂದು ಹಿಂದೆ. ಕೊಂಬೆಯನ್ನು ಬಿಗಿಯಾಗಿ ಹಿಡಿಯಲು ಈ ವ್ಯವಸ್ಥೆ. ಗಿಳಿ, ಮರಕುಟಿಗಗಳಿಗೆ ಎರಡು ಮುಂದೆ, ಎರಡು ಹಿಂದೆ. ಕೆಸರಿನಲ್ಲಿ, ಹಸಿ ಮಣ್ಣಿನಲ್ಲಿ ಹಕ್ಕಿ ಹೆಜ್ಜೆ ಸಿಕ್ಕರೆ ಮಗುವಿಗೆ ತೋರಿಸಿ.

ಮಗುವಿನ ‘ತಪ್ಪು’ ತಪ್ಪೇ?

ಪಕ್ಕದಿಂದ ಕಾಣುವ ಹಕ್ಕಿಗೆ ಮಗು ಎರಡು ಕಣ್ಣು ಇಡಬಹುದು. ಹೊಟ್ಟೆಯೊಳಗೆ ಮೊಟ್ಟೆ ಕಾಣಿಸುವಂತೆ ಬರೆಯಬಹುದು. ಹಕ್ಕಿಗೆ ನಗುವ ಬಾಯಿ ಇಡಬಹುದು. ಇದಕ್ಕೆ ವಿವರಣೆ ಇದೆ. ಫ್ರಾನ್ಸಿನ ಜಾರ್ಜ್ ಹೆನ್ರಿ ಲ್ಯೂಕೆ 1927ರಲ್ಲೇ ಇದನ್ನು ಗುರುತಿಸಿದ್ದರು: ಚಿಕ್ಕ ಮಕ್ಕಳು ಕಣ್ಣಿಗೆ ಕಂಡದ್ದಕ್ಕಿಂತ ತಮಗೆ ಗೊತ್ತಿದ್ದದ್ದನ್ನು ಬರೆಯುತ್ತಾರೆ. ಹಕ್ಕಿಗೆ ಎರಡು ಕಣ್ಣಿದೆ ಎಂದು ಮಗುವಿಗೆ ಗೊತ್ತು, ಅದಕ್ಕೇ ಎರಡು ಇಟ್ಟಿತು. ವಯಸ್ಸಾದಂತೆ ಇದು ತಾನಾಗಿ ಬದಲಾಗುತ್ತದೆ.

ಬರೀ ಗೀಚಿ ‘ಇದು ಕಾಗೆ’ ಅಂದರೂ ನಗಬೇಡಿ. ಗೀಚಿದ ಮೇಲೆ ಹೆಸರಿಡುವುದು ದೊಡ್ಡ ಹೆಜ್ಜೆ. ಗೆರೆ ಇನ್ನೊಂದು ವಸ್ತುವಿನ ಗುರುತಾಗಬಲ್ಲದು ಎಂದು ಮಗುವಿಗೆ ಹೊಳೆದಿದೆ ಎಂದರ್ಥ. ‘ಅ’ ಎಂಬ ಗೆರೆ ಒಂದು ಸದ್ದಿನ ಗುರುತು ಎಂದು ಮುಂದೆ ತಿಳಿಯುವುದೂ ಇಂಥದ್ದೇ ಹೊಳಹಿನಿಂದ. ಅಮೆರಿಕದ ರೋಡಾ ಕೆಲಾಗ್ ಹತ್ತಿರ ಹತ್ತಿರ ಹತ್ತು ಲಕ್ಷ ಮಕ್ಕಳ ಚಿತ್ರಗಳನ್ನು ಕೂಡಿಹಾಕಿದ್ದರು. ಅವುಗಳನ್ನು ಆಧರಿಸಿ 1969ರಲ್ಲಿ ಬಂದ ಅವರ ಪುಸ್ತಕ ಗೀಚುವುದರಲ್ಲೇ 20 ಬಗೆಗಳನ್ನು ಗುರುತಿಸುತ್ತದೆ.

ಹಾಗಾದರೆ ಏನು ಹೇಳಬೇಕು? ‘ಇದೇನಿದು?’ ಅನ್ನುವ ಬದಲು ‘ಇದರ ಕಥೆ ಹೇಳು’ ಅನ್ನಿ. ‘ಸೂಪರ್’ ಅಂದು ಮೊಬೈಲಿಗೆ ತಿರುಗುವ ಬದಲು ಕಂಡದ್ದನ್ನು ಹೇಳಿ: ‘ಬಾಲ ಉದ್ದ ಮಾಡಿದೀಯ, ಕಾಲಿಗೆ ಬೆರಳೂ ಇಟ್ಟಿದೀಯ.’ ‘ಪಕ್ಕದ ಮನೆ ಹುಡುಗಿ ನೋಡು ಎಷ್ಟು ಚೆನ್ನಾಗಿ ಬರೀತಾಳೆ’ ಎಂಬ ಮಾತು ಮಾತ್ರ ಬೇಡವೇ ಬೇಡ.

ಫಾರ್ವರ್ಡ್‌ಗಳಲ್ಲಿ ಬರುವ ಮೂರು ನಂಬಿಕೆಗಳು

ನಂಬಿಕೆ 1: ಚೆನ್ನಾಗಿ ಚಿತ್ರ ಬಿಡಿಸುವ ಮಗು ಬುದ್ಧಿವಂತ.
ನಿಜವೇನು: ಸಂಬಂಧ ಇದೆ, ಆದರೆ ಬಹಳ ತೆಳುವಾದದ್ದು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 7,752 ಅವಳಿ ಜೋಡಿಗಳಿಗೆ 4ನೇ ವಯಸ್ಸಿನಲ್ಲಿ ಒಂದು ಮಗುವಿನ ಚಿತ್ರ ಬಿಡಿಸಲು ಹೇಳಿದರು. ಚೆಂದಕ್ಕೆ ಅಂಕವಿಲ್ಲ, ಕಣ್ಣು, ಕೈ, ಕಾಲು ಇತ್ಯಾದಿ ಇವೆಯೇ ಎಂಬುದಕ್ಕೆ ಅಂಕ. ಆ ಅಂಕಕ್ಕೂ 14ನೇ ವಯಸ್ಸಿನ ಬುದ್ಧಿಮತ್ತೆ ಪರೀಕ್ಷೆಗೂ ಇದ್ದ ಸಂಬಂಧ 0.20 ಮಾತ್ರ ಎಂದು 2014ರಲ್ಲಿ ವರದಿಯಾಯಿತು. ಪೂರ್ತಿ ಸಂಬಂಧವಿದ್ದರೆ ಅದು 1 ಆಗುತ್ತಿತ್ತು. 0.20 ಎಂದರೆ ಮಕ್ಕಳ ನಡುವಿನ ಬುದ್ಧಿಮತ್ತೆಯ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 4 ಪಾಲನ್ನಷ್ಟೇ ಚಿತ್ರದಿಂದ ಊಹಿಸಬಹುದು. ಚಿತ್ರ ಚೆನ್ನಾಗಿಲ್ಲ ಎಂದು ತಂದೆತಾಯಿ ಚಿಂತಿಸಬೇಕಿಲ್ಲ ಎಂದು ಸಂಶೋಧಕಿ ರೊಸಾಲಿಂಡ್ ಆರ್ಡನ್ ಆಗಲೇ ಹೇಳಿದ್ದರು.

ನಂಬಿಕೆ 2: ಚಿತ್ರ ಬಿಡಿಸಿದರೆ ಬಲ ಮೆದುಳು ಚುರುಕಾಗುತ್ತದೆ.
ನಿಜವೇನು: ‘ಬಲ ಮೆದುಳಿನ ಜನ, ಎಡ ಮೆದುಳಿನ ಜನ’ ಎಂಬುದಕ್ಕೆ ಆಧಾರವಿಲ್ಲ. ಮೆದುಳಿನ ಎರಡು ಅರ್ಧಗಳ ಕೆಲಸದಲ್ಲಿ ಕೆಲವು ವ್ಯತ್ಯಾಸ ಇರುವುದು ನಿಜ. ರೋಜರ್ ಸ್ಪೆರಿ ಅವರಿಗೆ 1981ರಲ್ಲಿ ನೊಬೆಲ್ ಬಂದದ್ದು ಆ ಸಂಶೋಧನೆಗೇ. ಆದರೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 1,011 ಜನರ ಮೆದುಳಿನ ಸ್ಕ್ಯಾನ್ ಪರಿಶೀಲಿಸಿ, ಒಂದೇ ಬದಿಯನ್ನು ಹೆಚ್ಚು ಬಳಸುವ ಜನರೆಂಬುದು ಕಂಡುಬರಲಿಲ್ಲ ಎಂದು 2013ರಲ್ಲಿ ಪ್ರಕಟಿಸಿದರು. ಹಕ್ಕಿ ಬಿಡಿಸುವಾಗ ಕಣ್ಣು, ಕೈ, ನೆನಪು, ಮಾತು ಎಲ್ಲ ಸೇರುತ್ತವೆ, ಎರಡೂ ಬದಿ ದುಡಿಯುತ್ತವೆ.

ನಂಬಿಕೆ 3: ಎಡಗೈಯಲ್ಲಿ ಬರೆಯುವುದನ್ನು ಈಗಲೇ ಬಿಡಿಸಬೇಕು.
ನಿಜವೇನು: ಬೇಡ. ಜಗತ್ತಿನಲ್ಲಿ ಸುಮಾರು 10 ಜನರಲ್ಲಿ ಒಬ್ಬರು ಎಡಗೈಯವರು. ಇದು ಕೆಟ್ಟ ಅಭ್ಯಾಸವೂ ಅಲ್ಲ, ಕಾಯಿಲೆಯೂ ಅಲ್ಲ. ಎಡಗೈ ಮಗುವಿನ ಹಕ್ಕಿ ಬಲಕ್ಕೆ ಮುಖ ಮಾಡಿದರೂ ಸರಿ, ಎಡಕ್ಕೆ ಮಾಡಿದರೂ ಸರಿ.

ಯಾವಾಗ ವೈದ್ಯರನ್ನು ಕೇಳಬೇಕು?

ಒಂದು ಚಿತ್ರ ನೋಡಿ ಯಾರೂ ಏನನ್ನೂ ತೀರ್ಮಾನಿಸಬಾರದು. ಆದರೆ ಕೆಲವು ಸೂಚನೆಗಳಿದ್ದರೆ ಕೇಳಿ ನೋಡುವುದು ಒಳ್ಳೆಯದು. ಮೂರು ವರ್ಷ ದಾಟಿದರೂ ಗೀಚಲು ಪ್ರಯತ್ನವೇ ಇಲ್ಲ. ನಾಲ್ಕು ದಾಟಿದರೂ ತೋರಿಸಿಕೊಟ್ಟಾಗ ಸೊನ್ನೆ ಬರುವುದಿಲ್ಲ, ಪೆನ್ಸಿಲನ್ನು ಮುಷ್ಟಿಯಲ್ಲೇ ಹಿಡಿಯುತ್ತದೆ. ಹಾಳೆಯನ್ನು ಕಣ್ಣಿಗೆ ಅಂಟಿಸಿಕೊಂಡಂತೆ ನೋಡುತ್ತದೆ. ಒಂದು ವರ್ಷದೊಳಗೇ ಒಂದೇ ಕೈ ಬಳಸಿ ಇನ್ನೊಂದನ್ನು ಸುಮ್ಮನೆ ಬಿಡುತ್ತದೆ. ಮೊದಲು ಬರುತ್ತಿದ್ದದ್ದು ಈಗ ಬರುವುದಿಲ್ಲ.

ಇದಕ್ಕೆ ದೊಡ್ಡ ಊರಿಗೇ ಓಡಬೇಕೆಂದಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಆರೋಗ್ಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಬೆಳವಣಿಗೆಯಲ್ಲಿ ಹಿಂದುಳಿದಿರುವುದನ್ನು ಗುರುತಿಸುವುದೂ ಅವರ ಕೆಲಸ. ತಂಡ ಯಾವಾಗ ಬರುತ್ತದೆ ಎಂದು ನಿಮ್ಮ ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ, ಮಗು ಬಿಡಿಸಿದ ನಾಲ್ಕು ಹಾಳೆಗಳನ್ನೂ ಒಯ್ಯಿರಿ.

ಮೊಬೈಲು ಬೇಡವೇ?

ವಿಡಿಯೊ ನೀವು ನೋಡಿ, ಕಲಿಯಿರಿ. ಆಮೇಲೆ ಮೊಬೈಲು ಪಕ್ಕಕ್ಕಿಟ್ಟು ಮಗುವಿನ ಜೊತೆ ಕೂರಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆಯಂತೆ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ವಿಡಿಯೊದ ಕೈ ಮಗುವಿಗಾಗಿ ಕಾಯುವುದಿಲ್ಲ. ನಿಮ್ಮ ಕೈ ಕಾಯುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

‘2’ರಿಂದ ಹಕ್ಕಿ ಬರೆಯುವ ವಿಡಿಯೊ ಸುಳ್ಳಲ್ಲ, ಐದಾರು ವರ್ಷದವರಿಗೆ ಒಳ್ಳೆಯ ಆಟ. ಆದರೆ ಅದರ ಕೆಳಗಿರುವ ‘ಬುದ್ಧಿ ಚುರುಕಾಗುತ್ತದೆ’, ‘ಎರಡು ವರ್ಷದ ಮಗುವೂ ಕಲಿಯುತ್ತದೆ’ ಎಂಬ ಸಾಲುಗಳನ್ನು ನಂಬಬೇಡಿ. ಕಳಿಸಲೇಬೇಕು ಅನ್ನಿಸಿದರೆ ಆ ಸಾಲುಗಳನ್ನು ಅಳಿಸಿ, ‘ಮೊದಲು ಮಗುವಿಗೆ ಒಂದು ಬೆಳ್ಳಕ್ಕಿ ತೋರಿಸಿ’ ಎಂದು ಸೇರಿಸಿ ಕಳಿಸಿ. ನಾಳೆ ಬೆಳಿಗ್ಗೆ ನೀವೂ ನಾಲ್ಕು ಕಾಳು ಚೆಲ್ಲಿ, ಸ್ಲೇಟು ಹಿಡಿದು ಮಗುವಿನ ಜೊತೆ ಬಾಗಿಲಲ್ಲಿ ಕೂರಿ. ಹಕ್ಕಿ ಬರುತ್ತದೆ.